ಕಟ್ಟೆಯ ಮೇಲಿನ ರೋಮ್

ರೋಮ್ ಎಂಬ ಹೆಸರು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ನಾನು ಆ ಊರನ್ನು ಕಂಡವಳಲ್ಲ, ಶಾಲೆಯಲ್ಲಿ ಅದರ ಪಾಠ ಓದಿದವಳೂ ಅಲ್ಲ. ಆಳಂದದ ನಮ್ಮ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಕಿಟಕಿಯಾಚೆ ಕಟ್ಟೆಯ ಮೇಲೆ ಇಬ್ಬರು ಗಂಡಸರು ವಾದ ಮಾಡುವುದನ್ನು ಕೇಳಿಸಿಕೊಂಡೇ ಅದರ ಕಥೆಯನ್ನೆಲ್ಲ ಕಲಿತೆ. ಒಬ್ಬರು ನಮ್ಮ ಮನೆಯವರು, ಸರ್ಕಾರಿ ಶಾಲೆಯಲ್ಲಿ ಚರಿತ್ರೆಯ ಮಾಸ್ತರರು. ಇನ್ನೊಬ್ಬರು ಅದೇ ಶಾಲೆಯಲ್ಲಿ ಫಾರಸಿ ಕಲಿಸುತ್ತಿದ್ದ ಮೌಲ್ವಿಸಾಹೇಬರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ.

ನಲವತ್ತೇಳನೆಯ ಇಸವಿ. ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು, ಈಚೆ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಬಂದಿರಲಿಲ್ಲ. ಜನ ಚಕ್ಕಡಿ ಹೂಡಿಕೊಂಡು, ಸರಸಂಬಾದ ಹಾದಿ ಹಿಡಿದು ಗಡಿ ದಾಟುತ್ತಿದ್ದರು. ಅಫಜಲಪುರದ ಕಡೆ ಬಣವೆಗಳಿಗೆ ಬೆಂಕಿ ಬಿತ್ತಂತೆ, ಜೇವರ್ಗಿಯ ಹಾದಿಯಲ್ಲಿ ಬಂದೂಕಿನವರು ನಿಂತಿದ್ದಾರಂತೆ ಎಂದು ದಿನಕ್ಕೊಂದು ಸುದ್ದಿ. ನನಗಾಗ ಹತ್ತೊಂಬತ್ತು ವರ್ಷ. ಬೆಳಿಗ್ಗೆ ಬಟ್ಟೆಬರೆ ಗಂಟು ಕಟ್ಟುವುದು, ಸಂಜೆ ಉಡಲು ಬೇಕೆಂದು ಅದನ್ನೇ ಬಿಚ್ಚುವುದು. ಬಾಗಿಲು ಸಪ್ಪಳವಾದರೆ ಕೈಯಲ್ಲಿನ ಹಿಟ್ಟು ಹಾಗೇ ಇರುತ್ತಿತ್ತು, ಎದೆ ಮಾತ್ರ ಬಾಗಿಲಿಗೆ ಓಡುತ್ತಿತ್ತು.

“ರೀ, ಮಂದಿ ಎಲ್ಲಾ ಹೊಂಟಾರ. ನಾವ್ ಯಾವಾಗ ಹೋಗೂದ್ರಿ?”

“ನೋಡೂಣ ತಡಿ.”

ಹಾಗೆಂದವರು ಕಟ್ಟೆಗೆ ಹೋಗಿ ಕೂರುತ್ತಿದ್ದರು. ಮೌಲ್ವಿಸಾಹೇಬರು ಬರುತ್ತಿದ್ದರು. ರೋಮ್ ಶುರುವಾಗುತ್ತಿತ್ತು.

ಅವರು ರೋಮ್ ಹಿಡಿದುಕೊಂಡದ್ದಕ್ಕೆ ಕಾರಣ ನನಗೆ ತಡವಾಗಿ ತಿಳಿಯಿತು. ನಮ್ಮ ಸಂಸ್ಥಾನದ ಬಗ್ಗೆ ಒಂದು ಮಾತು ಆಡಿದರೂ ಠಾಣೆಗೆ ಕರೆಯುವ ಕಾಲವದು. ಸಾವಿರಾರು ವರ್ಷಗಳ ಹಿಂದೆ ಸತ್ತ ಬಾದಶಹರನ್ನು ಬೈದರೆ ಯಾರೂ ಕೇಳುವಂತಿರಲಿಲ್ಲ. ಆದರೆ ರೋಮ್ ಎಂದರೆ ನಮ್ಮ ಸಂಸ್ಥಾನವೇ ಎಂದು ಇಡೀ ಓಣಿಗೆ ಗೊತ್ತಿತ್ತು. ತೊಗರಿ ವ್ಯಾಪಾರಿಯೊಬ್ಬ ಹೋಗುವಾಗ ಬರುವಾಗ ನಿಂತು ಕೇಳುತ್ತಿದ್ದ:

“ಮಾಸ್ತರ, ಇವತ್ತ ಎಲ್ಲಿಗಿ ಬಂತ್ರಿ ನಿಮ್ಮ ರೋಮ್?”

“ಇನ್ನೂ ಗಾದಿ ಮ್ಯಾಲೆ ಕುಂತದ. ಆದ್ರ ಕಾಲು ನಡಗಾಕತ್ತಾವ.”

ಏಳಿಗೆಯ ಭಾಗ ಮೌಲ್ವಿಸಾಹೇಬರದು. ಹೊಳೆಯ ದಂಡೆಯ ಗುಡ್ಡದ ಮೇಲೆ ದನ ಕಾಯುವವರು ಹಾಕಿದ ನಾಲ್ಕು ಗುಡಿಸಲು ಹೇಗೆ ಅರ್ಧ ಲೋಕವನ್ನು ಆಳಿತು ಎಂದು ಅವರು ಬಾಯಿ ತುಂಬ ಹೇಳುತ್ತಿದ್ದರು. ಮಳೆಗಾಲದಲ್ಲೂ ಕೆಸರಾಗದ ರಸ್ತೆಗಳು, ಬಡವನೂ ಬಾಯಿಪಾಠ ಮಾಡಬಹುದಾದ ಕಾನೂನು. “ತಂಗಿ, ಕೇಳ್ದಿ ಏನು? ದೂರದ ಗುಡ್ಡದಿಂದ ಕಲ್ಲಿನ ಕಾಲುವಿ ಕಟ್ಟಿ ಊರಾಗ ನೀರು ತಂದ್ರು ಅವ್ರು,” ಎಂದು ಕಿಟಕಿಯತ್ತ ತಿರುಗಿ ನನಗೆ ಹೇಳುತ್ತಿದ್ದರು. ಬಾವಿಯಿಂದ ಕೊಡ ಹೊತ್ತು ಸೊಂಟ ನೋಯಿಸಿಕೊಂಡವಳಿಗೆ ಅದೊಂದು ಮಾತ್ರ ಹಿಡಿಸಿತ್ತು.

ಪತನ ನಮ್ಮ ಮನೆಯವರ ಪಾಲಿನದು. ಕಾವಲು ಪಡೆಯವರೇ ಸಿಂಹಾಸನವನ್ನು ಲಿಲಾವಿಗೆ ಇಟ್ಟದ್ದು, ಕಂದಾಯ ಕೊಡಲಾರದೆ ರೈತ ತನ್ನ ಹೊಲ ಬಿಟ್ಟು ಓಡಿಹೋದದ್ದು, ಊರ ಮಂದಿ ಪುಕ್ಕಟೆ ಕಾಳು ತಿಂದು ಆಟ ನೋಡುತ್ತ ಕೂತದ್ದು, ಕೂಲಿಗೆ ಕರೆದ ಸಿಪಾಯಿಗಳೇ ಯಜಮಾನರಾದದ್ದು. ಒಂದೊಂದು ಗುರುತನ್ನೂ ಬೆರಳು ಮಡಚಿ ಹೇಳುತ್ತಿದ್ದರು. ಆಗ ಅವರ ಮುಖದಲ್ಲಿ ಒಂದು ಬಗೆಯ ಖುಷಿ ಕಾಣುತ್ತಿತ್ತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

ಮೌಲ್ವಿಸಾಹೇಬರು ಒಪ್ಪುತ್ತಿರಲಿಲ್ಲ. “ಬಿದ್ದದ್ದು ಅರ್ಧಾ ಮಾಸ್ತರ. ಮೂಡಲದಾಗಿನ ಅರ್ಧಾ ಇನ್ನೊಂದು ಸಾವಿರ ವರ್ಷ ನಿಂತದ.”

“ಗ್ವಾಡಿ ಬಿದ್ದದ್ದಕ್ಕ ಮನಿ ಅಂತಾರೇನ್ರಿ?”

“ಒಳಗ ಮಂದಿ ಇದ್ರ ಅದು ಮನೀನ.”

ಇಷ್ಟಕ್ಕೆ ನಿಲ್ಲುತ್ತಿರಲಿಲ್ಲ. ನಾನು ಒಳಗಿನಿಂದ ಪಾತ್ರೆಗಳನ್ನು ಕುಕ್ಕಿ ಇಡುತ್ತಿದ್ದೆ. ಮೌಲ್ವಿಸಾಹೇಬರ ಹೆಂಡತಿ, ನಾನು ಅಕ್ಕನೆಂಬಂತೆ ಆಪಾ ಎಂದು ಕರೆಯುತ್ತಿದ್ದವಳು, ಹಿತ್ತಲ ಗೋಡೆಯ ಮೇಲಿಂದ ನನ್ನತ್ತ ನೋಡಿ ನಗುತ್ತಿದ್ದಳು. “ಹೊಟ್ಟಿ ಹಸೀಲಿ ತಡಿ, ರೋಮ್ ತಾನ ಮುಗೀತದ,” ಅನ್ನುತ್ತಿದ್ದಳು.

ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಖಾಕಿ ತೊಟ್ಟ, ಕತ್ತಿ ಬಂದೂಕು ಹಿಡಿದ ಗುಂಪೊಂದು ನಮ್ಮ ಓಣಿಗೆ ನುಗ್ಗಿತು. ಸರ್ಕಾರದ ಸಂಬಳದವರಲ್ಲ, ಆದರೂ ಸರ್ಕಾರ ತಡೆಯದ ಗುಂಪು. ಸಂಸ್ಥಾನದ ವಿರುದ್ಧ ಮಾತಾಡುವವರ ಮನೆಗಳನ್ನು ಹುಡುಕುತ್ತಿದ್ದರು. ನಮ್ಮ ಮನೆಯವರು ಹತ್ತಿರದ ಹಳ್ಳಿ ಮಟಕಿಗೆ, ತಮ್ಮ ತಾಯಿಯನ್ನು ನೋಡಲು ಹೋಗಿದ್ದರು. ನಾನು ಒಬ್ಬಳೇ. ಬಾಗಿಲು ಒದ್ದ ಸಪ್ಪಳಕ್ಕೆ ಮೌಲ್ವಿಸಾಹೇಬರು ಬರಿಗಾಲಲ್ಲಿ ಓಡಿಬಂದು ನಮ್ಮ ಹೊಸ್ತಿಲ ಮೇಲೆ ನಿಂತರು. ಇದು ನನ್ನ ತಮ್ಮನ ಮನೆ, ಒಳಗೆ ಹೋಗುವುದಾದರೆ ನನ್ನನ್ನು ದಾಟಿ ಹೋಗಿ ಎಂದು ಉರ್ದುವಿನಲ್ಲಿ ಹೇಳಿದರು. ಗುಂಪಿನವರು ಬೈದು, ನೂಕಿ, ಕೊನೆಗೆ ಹೋದರು. ಮರುದಿನ ಸಂಜೆ ಕಟ್ಟೆಯ ಮೇಲೆ ಮತ್ತೆ ರೋಮ್. ಅವತ್ತು ನಾನು ಪಾತ್ರೆ ಕುಕ್ಕಲಿಲ್ಲ, ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದೆ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ನೋಡುನೋಡುತ್ತಿದ್ದಂತೆ ಸಂಸ್ಥಾನ ಮುಗಿಯಿತು. ಗಡಿಯಾಚೆ ಹೋಗಿದ್ದವರು ಊರಿಗೆ ಮರಳಿದರು, ಅವರ ಜೊತೆಗೆ ಗುರುತಿಲ್ಲದ ಮಂದಿಯೂ ಬಂದರು. ಸೇಡು ತೀರಿಸಿಕೊಳ್ಳಲು ಹೊರಟವರಿಗೆ ಖಾಕಿ ತೊಟ್ಟವರು ಸಿಗದಿದ್ದರೆ, ಅವರ ಧರ್ಮದವರು ಯಾರಾದರೂ ಸಾಕಾಗಿತ್ತು. ಒಂದು ದಿನ ಬೆಳಿಗ್ಗೆ ಆಪಾ ಮತ್ತು ಮೌಲ್ವಿಸಾಹೇಬರು ಹಿತ್ತಲಿನಿಂದ ನಮ್ಮ ಅಡುಗೆಮನೆಗೆ ಬಂದು ಕೂತರು.

“ನೀವ್ ಇಲ್ಲೇ ಕೂಡ್ರಿ. ನಾ ಪ್ಯಾಟಿ ಹ್ಯಾಂಗದ ನೋಡಿ ಬರ್ತೇನಿ,” ಎಂದರು ನಮ್ಮ ಮನೆಯವರು. ಗೂಟದಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು ಹೊರಟರು.

ಅದು ರೂಮಿ ಟೋಪಿ, ಅಂದರೆ ರೋಮಿನ ಟೋಪಿ. ಎತ್ತರದ ಕೆಂಪು ಟೋಪಿ, ಕರಿ ಗೊಂಡೆಯದು. ಯಾವ ಧರ್ಮದವರಾದರೂ ಸರಿ, ಸಂಸ್ಥಾನದ ನೌಕರರು ಅದನ್ನು ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಸಾಮ್ರಾಜ್ಯ ಬೀಳುವ ಗುರುತುಗಳನ್ನು ವರ್ಷವಿಡೀ ಬೆರಳು ಮಡಚಿ ಎಣಿಸಿದ ಮನುಷ್ಯ, ಬಿದ್ದ ಸಾಮ್ರಾಜ್ಯವನ್ನು ತಲೆಯ ಮೇಲೆ ಹೊತ್ತುಕೊಂಡು ಪೇಟೆಗೆ ಹೋದರು. ಮೌಲ್ವಿಸಾಹೇಬರೂ ನೋಡಿದರು, ನಾನೂ ನೋಡಿದೆ. ಕಣ್ಣಿಗೆ ಅಷ್ಟು ರೂಢಿಯಾಗಿತ್ತು, ಯಾರಿಗೂ ಹೊಳೆಯಲಿಲ್ಲ.

ಹೊತ್ತು ಏರಿದ ಮೇಲೆ ಅವರು ಬಂದರು. ಅಂಗಿ ಹರಿದಿತ್ತು, ಹಣೆ ಊದಿತ್ತು, ತಲೆಯ ಮೇಲೆ ಒಂದು ಬಿಳಿ ಖಾದಿ ಟೋಪಿ. ಬಸ್ ನಿಲ್ಲುವಲ್ಲಿ ಗುರುತಿಲ್ಲದವರು ಮುತ್ತಿಕೊಂಡರಂತೆ. ಯಾರು ನೀನು ಎಂದು ಕೇಳಿದಾಗ, ಹೆದರಿದ ಬಾಯಲ್ಲಿ ತರಗತಿಯಲ್ಲಿ ಪಾಠ ಹೇಳುವ ಉರ್ದುವೇ ಬಂತಂತೆ. ಹೊಡೆತ ಬಿತ್ತು. ಅಷ್ಟರಲ್ಲಿ ಆ ತೊಗರಿ ವ್ಯಾಪಾರಿ ನುಗ್ಗಿ, “ಏ ಬಿಡ್ರಿ, ಇವ್ರು ನಮ್ಮ ಮಾಸ್ತರು, ನಮ್ಮವ್ರು,” ಎಂದು ಬಿಡಿಸಿದ. ಕೆಂಪು ಟೋಪಿ ಬೆಂಕಿಗೆ ಹೋಯಿತು, ಯಾರೋ ಬಿಳಿಯದನ್ನು ತೊಡಿಸಿದರು. ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ಜೀವ ಉಳಿದ ನಗು. ನಾನೂ ನಕ್ಕೆ.

ಮೌಲ್ವಿಸಾಹೇಬರು ನಗಲಿಲ್ಲ. “ನಿಮಗ ಟೋಪಿ ತೆಗದ್ರ ಆತು, ಮಾಸ್ತರ. ನಾ ಏನ್ ತೆಗೀಲಿ?”

ನಮ್ಮ ಮನೆಯವರು ಒಳಗೆ ಹೋಗಿ ಕ್ಷೌರದ ಕತ್ತಿ ತಂದರು. ಗಡ್ಡ ತೆಗೆಯುವಾಗ ಮೌಲ್ವಿಸಾಹೇಬರು ಗೋಡೆ ನೋಡುತ್ತ ಕೂತಿದ್ದರು. ನಾನು ಆಪಾಳನ್ನು ಒಳಗೆ ಕರೆದೊಯ್ದು ನನ್ನ ಇಳಕಲ್ ಸೀರೆ ಉಡಿಸಿದೆ, ಕೈತುಂಬ ಹಸಿರು ಬಳೆ ತೊಡಿಸಿದೆ. ಕುಂಕುಮದ ಬಟ್ಟಲು ಹಿಡಿದು ಅವಳ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿ, “ಹಚ್ಚು,” ಎಂದಳು. ಬಿಳಿ ಟೋಪಿ ಮೌಲ್ವಿಸಾಹೇಬರ ತಲೆಗೆ ಹೋಯಿತು. ಇಬ್ಬರನ್ನೂ ಚಕ್ಕಡಿಯಲ್ಲಿ ಕೂರಿಸಿಕೊಂಡು ನಮ್ಮ ಮನೆಯವರು ಮಟಕಿಗೆ ಹೊರಟರು. ದಾರಿಯಲ್ಲಿ ಯಾರೂ ತಡೆಯಲಿಲ್ಲ.

ಅಲ್ಲಿಂದ ಮೌಲ್ವಿಸಾಹೇಬರು, ಆಪಾ ಕಲಬುರ್ಗಿಗೆ, ಮುಂದೆ ಹೈದರಾಬಾದಿಗೆ ಹೋದರು. ತಿರುಗಿ ಬರಲಿಲ್ಲ. ರೋಮ್‌ನ ಕೊನೆಯ ಬಾದಶಹನನ್ನು ಕೊಲ್ಲದೆ ಪಿಂಚಣಿ ಕೊಟ್ಟು ಕಳಿಸಿದರಂತೆ. ನಮ್ಮ ದೊರೆಗೂ ಅರಮನೆ ಉಳಿಯಿತು. ಆಪಾಳಿಗೆ ಮಾತ್ರ ಏನೂ ಉಳಿಯಲಿಲ್ಲವಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಟಕಿಯಲ್ಲಿ ನಡೆದದ್ದನ್ನು ನಮ್ಮ ಮನೆಯವರು ಬಹಳ ದಿನಗಳ ಮೇಲೆ ಹೇಳಿದರು. ಅತ್ತೆಯವರ ಬಾಯಲ್ಲಿ ಮಾತು ನಿಲ್ಲದು, ಅದಕ್ಕೆ ಬಂದವರು ಗೆಳೆಯನ ಮನೆಯವರು ಎಂದಷ್ಟೇ ತಿಳಿಸಿದ್ದರಂತೆ. ಹೊರಡುವ ದಿನ ಅತ್ತೆ, ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಆಪಾಳನ್ನು ಮಣೆಯ ಮೇಲೆ ಕೂರಿಸಿ, ಜೋಳ, ಬಟ್ಟಲು ಕೊಬ್ಬರಿ, ಅರಿಶಿನದ ಕೊಂಬು, ಕುಬಸದ ಬಟ್ಟೆ ಹಾಕಿ ಉಡಿ ತುಂಬಿದರು. ಆಪಾ ಸೆರಗು ಒಡ್ಡಿಕೊಂಡೇ ಬಿಕ್ಕಿ ಅತ್ತಳು.

“ಯಾಕ್ ನನ್ನವ್ವ, ತವರ್ಮನಿ ನೆನಪಾತೇನು?” ಎಂದು ಅತ್ತೆ ಕೇಳಿದರಂತೆ.

“ಹೌದ್ರಿ,” ಎಂದಳಂತೆ ಆಪಾ.

“ಯಾವೂರವ್ವ ನಿನ್ನ ತವರು?”

“ಆಳಂದ್ರಿ.”

ಇಷ್ಟು ಸಮೀಪದ ಊರಿಗೆ ಯಾರಾದರೂ ಹೀಗೆ ಅಳುತ್ತಾರೇನು ಎಂದು ಅತ್ತೆ ಅವಳ ಕಣ್ಣೊರೆಸಿ, ಹಬ್ಬಕ್ಕೆ ಹೋಗಿ ಬರುವೆಯಂತೆ ಎಂದರಂತೆ.