ಜೂನ್ ತಿಂಗಳ ಮೂವತ್ತೆರಡು ದೋಣಿ

ಕೊಡಿಗೇಹಳ್ಳಿಯ ಹಳೇ ಊರಿನೊಳಗೆ ಹಾಲಿನ ಬೂತ್ ದಾಟಿ ಎಡಕ್ಕೆ ತಿರುಗಿದರೆ ಮೂರು ಮೆಟ್ಟಿಲಿನ ಒಂದು ಅಂಗಡಿ. ಬೋರ್ಡಿನ ಮೇಲೆ 'ಕನ್ನಡ, ಇಂಗ್ಲಿಷ್ ಟೈಪಿಂಗ್, ಜೆರಾಕ್ಸ್, ಬೈಂಡಿಂಗ್' ಎಂದಷ್ಟೇ ಇದೆ. ಅಂಗಡಿಗೆ ಹೆಸರಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ ನೂರ್‌ಜಹಾನ್ ನಕ್ಕಳು.

"ನನ್ನ ಹೆಸರು ಹಾಕಿದ್ರೆ, ಕನ್ನಡ ಬರುತ್ತಾ ಅಂತ ಕೇಳ್ತಾರೆ ಧನಕ್ಕ. ಹಾಕದಿದ್ರೆ ಸುಮ್ನೆ ಕೆಲಸ ಕೊಟ್ಟು ಹೋಗ್ತಾರೆ."

ಅವಳ ಕನ್ನಡದಲ್ಲಿ ತಪ್ಪು ಹುಡುಕಿದವರನ್ನು ನಾನು ಕಂಡಿಲ್ಲ. ತಾಯಿ ಮೆಹಬೂಬ್ ಬೀ ಆರ್.ಟಿ. ನಗರದಲ್ಲಿ ಮೂವತ್ತು ವರ್ಷ ಮೀನು ಮಾರಿದವರು. ಮನೆಗೆ ಹತ್ತಿರವಿದ್ದದ್ದು ಕನ್ನಡ ಶಾಲೆ, ಅದಕ್ಕೇ ಮಗಳನ್ನು ಅಲ್ಲಿ ಸೇರಿಸಿದರು. ನೂರ್‌ಜಹಾನ್ ಮಂಜುಗಡ್ಡೆ ಪೆಟ್ಟಿಗೆಯ ಮುಚ್ಚಳದ ಮೇಲೆ ಪುಸ್ತಕ ಇಟ್ಟುಕೊಂಡು ಓದಿದಳು. ಹತ್ತನೇ ತರಗತಿ ಆದಮೇಲೆ ಟೈಪಿಂಗ್ ಕಲಿತು ಸರ್ಕಾರದ ಪರೀಕ್ಷೆ ಪಾಸು ಮಾಡಿದಳು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತಳು. ಈಗ ಅವಳಿಗೆ ನಲವತ್ತಾರು. ಅಫಿಡವಿಟ್ಟು, ಖಾತಾ ಅರ್ಜಿ, ಮದುವೆ ಕರೆಯೋಲೆ, ಸಂಘದ ಬೈಲಾ, ಯಾವುದೇ ಆಗಲಿ, ಮಾಡಿಕೊಡುತ್ತಾಳೆ.

ಆಂಜನೇಯನ ಗುಡಿಯ ಕರಪತ್ರ ಟೈಪ್ ಮಾಡಿಸಲು ಹೋದಾಗ ನನಗೆ ಅವಳ ಪರಿಚಯವಾಯಿತು. ಅಲ್ಲೇ ನಿಂತು ನಾನು ಓದಿ ಹೇಳಿದೆ, ಅವಳು ಪರದೆ ನೋಡುತ್ತಾ ಹೋದಳು. ಹತ್ತು ನಿಮಿಷದಲ್ಲಿ ಮುಗಿಯಿತು. "ನಾಳೆನೂ ಬನ್ನಿ" ಅಂದಳು. ಅಂದಿನಿಂದ ಹನ್ನೊಂದು ವರ್ಷ. ನಮ್ಮ ಕ್ರಮ ಈಗಲೂ ಅದೇ. ಪ್ರಿಂಟು ಹಾಕಿದ ಹಾಳೆ ನನ್ನ ಕೈಯಲ್ಲಿ, ಮೂಲ ಪ್ರತಿ ಅವಳ ಮುಂದೆ. ನಾನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದಬೇಕು. ಓದಿದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು. ಹಾಳೆಯ ನೆತ್ತಿಯಲ್ಲಿ 'ಶ್ರೀ' ಬರೆದು ತಾರೀಕು ಹಾಕದೆ ನನಗೆ ಓದು ಶುರುವಾಗುವುದಿಲ್ಲ. ಅವಳೂ ಕೀಬೋರ್ಡ್ ಮುಟ್ಟುವ ಮುಂಚೆ ತುಟಿಯಲ್ಲೇ ಬಿಸ್ಮಿಲ್ಲಾ ಅನ್ನುತ್ತಾಳೆ. ಈ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ.

ಬಾಗಿಲ ಹತ್ತಿರ ಕುರ್ಚಿಯಲ್ಲಿ ಮೆಹಬೂಬ್ ಬೀ ಕೂತಿರುತ್ತಾರೆ. ನಾನು ಅವರನ್ನು ಬೂವಮ್ಮ ಅನ್ನುತ್ತೇನೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಯಾವುದೋ ಹೋಟೆಲಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಾರೆ. ಓದು ಬಾರದು. ಕಿವಿ ಮಾತ್ರ ಬಹಳ ಚುರುಕು.

ಹೋದ ವರ್ಷ ದೀಪಾವಳಿ ಮುಗಿದ ವಾರ ವೇಣುಗೋಪಾಲ್ ಎಂಬವರು ಬಂದರು. ಹೆಬ್ಬಾಳದ ಫ್ಲೈಓವರ್ ಹತ್ತಿರ ಗಾಜಿನ ಕಟ್ಟಡದಲ್ಲಿ ಅವರ ಕಚೇರಿ. ದೊಡ್ಡ ದೊಡ್ಡ ಯೋಜನೆಗಳಿಗೆ ಪರಿಸರದ ವರದಿ ತಯಾರಿಸಿ ಕೊಡುವುದು ಅವರ ಕೆಲಸ. ಒಂದು ಕಂಪನಿ ಕರಾವಳಿಯಿಂದ ಇಪ್ಪತ್ತೆಂಟು ಕಿಲೋಮೀಟರ್ ಆಚೆ, ಸಮುದ್ರದೊಳಗೆ ಗಾಳಿಯಂತ್ರ ನಿಲ್ಲಿಸುತ್ತದಂತೆ. ಸರ್ಕಾರ ಅನುಮತಿ ಕೊಡುವ ಮುಂಚೆ ಮೀನಿಗೆ, ಹಕ್ಕಿಗೆ, ಮೀನುಗಾರರಿಗೆ ಏನಾಗುತ್ತದೆ ಅಂತ ವರದಿ ಆಗಬೇಕು. ಅದರ ಸಾರಾಂಶ ಕನ್ನಡದಲ್ಲಿ ಆ ಊರಿನ ಪಂಚಾಯಿತಿಯಲ್ಲಿ ಮೂವತ್ತು ದಿನ ಇರಬೇಕು. ಜನ ಓದಿಕೊಂಡ ಮೇಲೆ ಅವರ ಅಹವಾಲು ಕೇಳಲು ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುವ ಸಾರ್ವಜನಿಕ ಆಲಿಕೆ ಸಭೆ. ಆ ಸಾರಾಂಶವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನೂರ್‌ಜಹಾನಳಿಗೆ. ಕೊನೆಯ ಪುಟದಲ್ಲಿ ಅನುವಾದ ಮಾಡಿದವರ ದೃಢೀಕರಣ, ಹೆಸರು, ವಿಳಾಸ, ಸಹಿ.

"ಹೆಸರು ಬೇಕೇ ಬೇಕಾ?" ಅಂದಳು ನೂರ್‌ಜಹಾನ್.

"ಫಾರ್ಮಾಲಿಟಿ ಮೇಡಂ. ಯಾರೂ ಕೊನೇ ಪುಟ ಓದಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಇವ್ರು ಯಾರು?"

"ನಮ್ಮಲ್ಲಿ ಓದೋರು."

"ಹೊರಗಡೆ ಯಾರಿಗೂ ತೋರಿಸ್ಬಾರ್ದು. ಪ್ರೂಫ್ ಹಾಳೆನೂ ಒಂದೂ ಬಿಡದೆ ವಾಪಸ್ ಕೊಡ್ಬೇಕು."

ಜನ ಓದಲಿ ಅಂತಲೇ ಮಾಡುವ ವರದಿಯನ್ನು ಯಾರಿಗೂ ತೋರಿಸಬಾರದು ಅನ್ನುವುದು ನನ್ನ ಮನಸ್ಸಿಗೆ ಆಗಲೇ ಚುಚ್ಚಿತು. ಆದರೆ ದೊಡ್ಡ ಕಚೇರಿಯ ರೀತಿ ನನಗೇನು ಗೊತ್ತು ಅಂತ ಸುಮ್ಮನಾದೆ.

ನೂರ್‌ಜಹಾನ್ ಹದಿನೈದು ದಿನ ಕೂತು ಅನುವಾದ ಮುಗಿಸಿದಳು. ಓದುವ ದಿನ ಬಂತು. ನಲವತ್ತು ಪುಟ ಸಲೀಸಾಗಿ ಹೋಯಿತು. ನಲವತ್ತೊಂದಕ್ಕೆ ಶ್ರೀ ಬರೆದು ಓದಿದೆ.

"ಜೂನ್ ಹದಿನೆಂಟರಿಂದ ಇಪ್ಪತ್ತೇಳರವರೆಗೆ ಯೋಜನಾ ಪ್ರದೇಶದಲ್ಲಿ ಮೀನು ಹಿಡಿದ ಮೂವತ್ತೆರಡು ಟ್ರಾಲ್ ದೋಣಿಗಳ ಸಮೀಕ್ಷೆ ನಡೆಸಲಾಯಿತು, ಪೂರ್ಣವಿರಾಮ. ಪ್ರತಿ ದೋಣಿಗೆ ಸರಾಸರಿ ನಲವತ್ತು ಕಿಲೋ ಮೀನು ಮಾತ್ರ ಸಿಕ್ಕಿರುವುದರಿಂದ, ಅಲ್ಪವಿರಾಮ, ಈ ಪ್ರದೇಶ ಮುಚ್ಚಿದರೂ ಮೀನುಗಾರರ ಜೀವನಕ್ಕೆ ಗಣನೀಯ ತೊಂದರೆ ಇಲ್ಲ, ಪೂರ್ಣವಿರಾಮ."

ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯುವ ಸದ್ದು ನಿಂತಿತು.

"ಯಾವ ತಿಂಗಳು ಅಂದ್ರಿ ಧನಮ್ಮ?"

"ಜೂನ್, ಬೂವಮ್ಮ."

"ಟ್ರಾಲ್ ಬೋಟಾ?"

"ಹೌದು."

"ಸುಳ್ಳು."

"ಅಮ್ಮಿ, ಕೆಲಸದ ಮಧ್ಯೆ ಬಾಯಿ ಹಾಕ್ಬೇಡ" ಅಂದಳು ನೂರ್‌ಜಹಾನ್.

"ಹಾಕ್ತೀನಿ. ಜೂನ್ ಒಂದಕ್ಕೆ ಆ ಕಡೆ ಬಲೆ ಎಳೆಯೋ ದೊಡ್ಡ ಬೋಟೆಲ್ಲ ಬಂದ್. ಸರ್ಕಾರದ್ದೇ ಆರ್ಡರು, ಮೀನು ಮೊಟ್ಟೆ ಇಡೋ ಕಾಲ ಅಂತ. ಜುಲೈ ಮುಗಿಯೋ ತನಕ ಯಶವಂತಪುರದ ಮೀನು ಮಾರ್ಕೆಟ್ಟಿಗೆ ಆ ಕಡೆ ಲಾರಿನೇ ಬರಲ್ಲ. ಪ್ರತಿ ವರ್ಷ ನಿನ್ನ ಸ್ಕೂಲ್ ಶುರು ಆಗೋದು, ನನ್ನ ಸಮುದ್ರದ ಮೀನು ನಿಲ್ಲೋದು, ಎರಡೂ ಒಂದೇ ದಿನ. ಕೆರೆ ಕಟ್ಲಾ ಮೀನು ಮಾರಿ ನಿನಗೆ ಯೂನಿಫಾರಂ ಹೊಲಿಸಿದೀನಿ. ಮರೀತೀನಾ? ಬೋಟೇ ಹೋಗದೆ ನಲವತ್ತು ಕೇಜಿ ಮೀನು ಬಸ್ ಹತ್ಕೊಂಡು ಬಂತಾ?"

ನೂರ್‌ಜಹಾನ್ ಮೂಲ ಪ್ರತಿ ನೋಡಿದಳು. ಇಂಗ್ಲಿಷಿನಲ್ಲೂ ಜೂನ್ ಎಂದೇ ಇತ್ತು, ಟ್ರಾಲ್ ಎಂದೇ ಇತ್ತು. ತಪ್ಪು ಅವಳದಲ್ಲ. ಆದರೂ ಅವಳ ಮುಖ ಇಳಿದುಹೋಯಿತು. "ಪಂಚಾಯಿತಿಯಲ್ಲಿ ಇದನ್ನ ಓದೋರು ಮೀನುಗಾರರೇ ಅಲ್ವಾ ಧನಕ್ಕ? ಕೆಳಗೆ ನನ್ನ ಹೆಸರು ಇರುತ್ತೆ" ಅಂದಳು.

ಮಾರನೇ ದಿನ ವೇಣುಗೋಪಾಲ್ ಬಂದರು. ವಿಷಯ ಕೇಳಿ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಅಷ್ಟೇ ತಾನೇ? ಟ್ರಾಲ್ ತೆಗೆದು ನಾಡದೋಣಿ ಅಂತ ಹಾಕ್ಬಿಡಿ. ನಾಡದೋಣಿಗೆ ಬ್ಯಾನ್ ಇಲ್ಲ."

ಉತ್ತರ ಬಾಯಲ್ಲೇ ಸಿದ್ಧವಾಗಿತ್ತು. ಮುಂಚೆಯೇ ಗೊತ್ತಿದ್ದವರಂತೆ ಕಂಡರು.

"ನಾಡದೋಣೀಲಿ ಇಪ್ಪತ್ತೆಂಟು ಕಿಲೋಮೀಟರ್ ಒಳಗೆ?" ಅಂದರು ಬೂವಮ್ಮ. "ಜೂನ್ ತಿಂಗಳ ಸಮುದ್ರದಲ್ಲಿ? ಅದೇನು ಹೆಬ್ಬಾಳ ಕೆರೆ ಅಂದ್ಕೊಂಡ್ರಾ ಬೇಟಾ?"

"ಅಜ್ಜಿ, ನೀವು ಬೆಳ್ಳುಳ್ಳಿ ನೋಡ್ಕೊಳ್ಳಿ."

"ನೋಡ್ತಾನೇ ಇದೀನಿ. ಕೆಟ್ಟಿದ್ದು ಯಾವ್ದು ಅಂತ ವಾಸನೇಲೇ ಗೊತ್ತಾಗುತ್ತೆ."

ನೂರ್‌ಜಹಾನ್ ದನಿ ಎತ್ತರಿಸಲಿಲ್ಲ. "ಮೂಲದಲ್ಲಿ ಟ್ರಾಲ್ ಅಂತಿದೆ ಸರ್. ಇಂಗ್ಲಿಷಲ್ಲಿ ತಿದ್ದಿ, ಮೇಲಿನವರ ಸಹಿ ಹಾಕಿಸ್ಕೊಂಡು ಬನ್ನಿ. ಆಮೇಲೆ ನಾನು ಕನ್ನಡ ತಿದ್ದುತ್ತೀನಿ. ನಾನಾಗಿ ಹಾಕಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು, ದನಿ ಮೆತ್ತಗೆ ಮಾಡಿದರು. ಇನ್ನೂ ಮೂರು ವರದಿ ಬರುವುದಿದೆ, ವರ್ಷವಿಡೀ ಕೆಲಸ, ಇಂಥ ಸಣ್ಣ ವಿಷಯಕ್ಕೆ ಕೆಡಿಸಿಕೊಳ್ಳಬೇಡಿ ಅಂದರು. ಅವಳು ಜಗ್ಗಲಿಲ್ಲ. ಆಗ ಅವರು ಎದ್ದು ಹಾಳೆಗಳನ್ನೆಲ್ಲ ಬಾಚಿ ಚೀಲಕ್ಕೆ ತುರುಕಿದರು. ಕಂಪ್ಯೂಟರಿನಲ್ಲಿ ಇದ್ದದ್ದನ್ನು ಒಂದು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ತಮ್ಮ ಕಣ್ಣೆದುರೇ ಅಳಿಸಿಸಿ ಹೊರಟರು. ದೃಢೀಕರಣಕ್ಕೆ ಸಹಿ ಆಗಿರಲಿಲ್ಲ.

ಸಂಜೆ ಕಸ ಗುಡಿಸುವಾಗ ಬೂವಮ್ಮನ ಕುರ್ಚಿಯ ಕೆಳಗೆ ಬೆಳ್ಳುಳ್ಳಿ ಸಿಪ್ಪೆಗೆ ಹಾಸಿದ್ದ ಕಾಗದ ಎತ್ತಿದೆ. ನೆತ್ತಿಯಲ್ಲಿ ನನ್ನದೇ 'ಶ್ರೀ', ನನ್ನದೇ ತಾರೀಕು. ಪುಟ ನಲವತ್ತೊಂದು.

"ಬೂವಮ್ಮ, ಇದನ್ನ ಯಾರು ಇಲ್ಲಿ ಹಾಕಿದ್ದು?"

"ನನಗೇನ್ ಗೊತ್ತು? ನನಗೆ ಕಣ್ಣು ಕಾಣಲ್ಲ" ಅಂದರು. ಅಷ್ಟರಲ್ಲಿ ಉಗುರಿನಷ್ಟು ಸಣ್ಣ ಎಸಳೊಂದನ್ನು ನೆಲದಿಂದ ಆರಿಸಿ ಬುಟ್ಟಿಗೆ ಹಾಕಿದರು.

ನೂರ್‌ಜಹಾನಳ ಕಡೆ ನೋಡಿದೆ. ಅವಳು ಜೆರಾಕ್ಸ್ ಮಿಷನ್ ಒರೆಸುತ್ತಿದ್ದಳು. ಅವಳೇ ಇಟ್ಟಳಾ ಅಂತ ಒಂದು ಅನುಮಾನ ನನಗೆ ಬಂತು. ಕೇಳಲಿಲ್ಲ. ಬೇರೆಯವರ ಕಾಗದ, ವಾಪಸ್ ಕೊಡುತ್ತೇವೆ ಅಂತ ಒಪ್ಪಿದ್ದು. ಇಟ್ಟುಕೊಳ್ಳುವುದು ಸರಿಯಲ್ಲ ಅಂತ ಮನಸ್ಸು ಹೇಳಿತು.

"ಕೊಡೋಣ ಧನಕ್ಕ. ಅವರು ಕೇಳಿದ ದಿನ" ಅಂದಳು ನೂರ್‌ಜಹಾನ್, ತಿರುಗಿ ನೋಡದೆ.

ಅವರು ಕೇಳಲಿಲ್ಲ. ಹಾಳೆ ನನ್ನ ಸ್ತೋತ್ರದ ಪುಸ್ತಕದೊಳಗೆ ಉಳಿಯಿತು.

ಎರಡು ತಿಂಗಳಾದ ಮೇಲೆ ಆಲಿಕೆ ಸಭೆಯ ಪ್ರಕಟಣೆ ಪೇಪರಿನಲ್ಲಿ ಬಂತು. ಸಾರಾಂಶ ಇಂಟರ್‌ನೆಟ್ಟಿನಲ್ಲಿ ಇದೆ ಅಂತ ಅದರಲ್ಲಿತ್ತು. ನೂರ್‌ಜಹಾನ್ ತೆಗೆದು ನಲವತ್ತೊಂದನೇ ಪುಟಕ್ಕೆ ಹೋದಳು. ಅವಳದೇ ಕನ್ನಡ. ಮೂವತ್ತೆರಡು ಟ್ರಾಲ್ ದೋಣಿ ಹಾಗೇ ಇತ್ತು. ನಲವತ್ತು ಕಿಲೋ ಹಾಗೇ ಇತ್ತು. ಜೂನ್ ಇದ್ದ ಜಾಗದಲ್ಲಿ ಸೆಪ್ಟೆಂಬರ್ ಇತ್ತು.

"ಸೆಪ್ಟೆಂಬರಲ್ಲಿ ಬೋಟಿಗೆ ನಲವತ್ತು ಕೇಜಿನಾ?" ಬೂವಮ್ಮ ಹಣೆ ಚಚ್ಚಿಕೊಂಡರು. "ಆಗ ಪೆಟ್ಟಿಗೆ ಸಾಲದೆ ಬೈದಾಡ್ತಾರೆ. ಒಳ್ಳೇ ಕಾಲದಲ್ಲೇ ಅಲ್ಲಿ ಮೀನಿಲ್ಲ ಅಂತ ಬರೆದ ಹಾಗಾಯ್ತಲ್ಲ! ಮೊದಲನೇ ಸುಳ್ಳೇ ವಾಸಿ ಇತ್ತು."

"ಮೊದ್ಲೇ ಸೆಪ್ಟೆಂಬರ್ ಇದ್ದು, ಕೈತಪ್ಪಿ ಜೂನ್ ಆಗಿದ್ರೆ ಅಮ್ಮಿ?" ಅಂದಳು ನೂರ್‌ಜಹಾನ್. ಅನುಮಾನಿಸುವಾಗಲೂ ಎದುರಿನವರಿಗೆ ಒಂದು ದಾರಿ ಬಿಟ್ಟು ಅನುಮಾನಿಸುವುದು ಅವಳ ಸ್ವಭಾವ.

ನಾನು ಅಂದೆ, "ಹಾಗಿದ್ದಿದ್ರೆ ಅವತ್ತು ಅವರು ತಿಂಗಳು ತಿದ್ದಿ ಅನ್ನಬೇಕಿತ್ತು. ದೋಣಿ ತಿದ್ದಿ ಅಂದ್ರಲ್ಲ."

ಅವಳು ಕೊನೆಯ ಪುಟಕ್ಕೆ ಹೋದಳು. 'ಮೂಲಕ್ಕೆ ನಿಷ್ಠವಾಗಿ ಅನುವಾದಿಸಲಾಗಿದೆ' ಎಂಬ ಸಾಲಿನ ಕೆಳಗೆ ಅಚ್ಚಾಗಿತ್ತು: ನೂರ್‌ಜಹಾನ್, ಕೊಡಿಗೇಹಳ್ಳಿ, ಬೆಂಗಳೂರು. ಸಹಿಯ ಜಾಗ ಖಾಲಿ.

ಸ್ವಂತ ಅಂಗಡಿಯ ಬೋರ್ಡಿಗೆ ಹಾಕದ ಹೆಸರು.

ಅವಳ ಗಂಡ ಜಾಫರ್ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರು. ಊಟಕ್ಕೆ ಬಂದವರು ವಿಷಯ ಕೇಳಿ, "ನಮಗ್ಯಾಕೆ? ಗಾಳೀಲಿ ಕರೆಂಟ್ ಬರುತ್ತೆ ಅಂದ್ರೆ ಒಳ್ಳೇದೇ ಅಲ್ವಾ?" ಅಂದರು.

"ಬರ್ಲಿ. ನಾನು ಬೇಡ ಅಂದ್ನಾ? ತಿಂಗಳು ಸರಿ ಬರೀರಿ, ಇಲ್ಲಾ ನನ್ನ ಹೆಸರು ತೆಗೀರಿ. ಅಷ್ಟೇ ನಾನು ಕೇಳೋದು."

ಆ ಮಧ್ಯಾಹ್ನವೇ ಮಂಡಳಿಗೆ ಪತ್ರ ಟೈಪ್ ಮಾಡಿದಳು. ನಾನು ಶ್ರೀ ಬರೆದು ಓದಿದೆ. ನಾನು ಸಹಿ ಮಾಡಿಲ್ಲ, ನನಗೆ ಕೊಟ್ಟ ಮೂಲದಲ್ಲಿ ಜೂನ್ ಇತ್ತು, ಅದರಂತೆ ಮಾಡಿದ ಪ್ರೂಫಿನ ನಲವತ್ತೊಂದನೇ ಪುಟದ ಜೆರಾಕ್ಸ್ ಜೊತೆಗಿಟ್ಟಿದ್ದೇನೆ ಅಂತ ಎಂಟೇ ಸಾಲು. ಕೆಳಗೆ ಸಹಿ, ಫೋನ್ ನಂಬರು. ಒಂದು ಪ್ರತಿ ಮಂಡಳಿಗೆ, ಒಂದು ಆ ಕಡಲತೀರದ ಊರಿನ ಪಂಚಾಯಿತಿಗೆ, ರಿಜಿಸ್ಟರ್ಡ್ ಪೋಸ್ಟ್.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಒಂದೇ ಹಾಳೆ ಜೆರಾಕ್ಸಿಗೆ ಬಂದವನೊಬ್ಬ ಕಾಲು ಗಂಟೆ ಗೋಡೆ, ಕಪಾಟು ನೋಡುತ್ತಾ ನಿಂತ. ಹಾಲಿನ ಬೂತಿನ ಹತ್ತಿರ ಒಂದು ಸ್ಕೂಟರು ಮೂರು ದಿನ ನಿಂತಿತ್ತು. ಹಾಲಿಗೆ ಬಂದವನೇ ಇರಬಹುದು. ಆದರೆ ಒಂದು ಸಲ ಮನಸ್ಸಿಗೆ ಶಂಕೆ ಹೊಕ್ಕರೆ ಸ್ಕೂಟರೂ ಬರೀ ಸ್ಕೂಟರಾಗಿ ಕಾಣುವುದಿಲ್ಲ.

ಸಭೆಗೆ ನಾಲ್ಕು ದಿನ ಇರುವಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ನೂರ್‌ಜಹಾನ್ ಸ್ಪೀಕರಿಗೆ ಹಾಕಿದಳು.

"ನಿಮ್ಮ ಕಾಗದ ಪಂಚಾಯಿತಿಯಲ್ಲಿ ನೋಡಿದೆ. ನಾನು ಇಲ್ಲಿಯ ಬೋಟಿನವ. ಜೆರಾಕ್ಸಿನಲ್ಲಿ ಅಕ್ಷರ ಸರಿ ಬೀಳಲಿಲ್ಲ. ಆ ಹಾಳೆ ನಿಜಕ್ಕೂ ನಿಮ್ಮ ಹತ್ರ ಉಂಟಾ?"

ನಮ್ಮಿಬ್ಬರ ಕಣ್ಣು ಸೇರಿತು. ಹೆಬ್ಬಾಳದ ಆ ಕಚೇರಿಯವರು ಯಾರನ್ನಾದರೂ ಬಿಟ್ಟು ಕೇಳಿಸುವುದಾದರೆ ಇದನ್ನೇ ಕೇಳಿಸುತ್ತಾರೆ. ಬೂವಮ್ಮ ಕೈ ಒರೆಸಿಕೊಂಡು ಬಂದು ಫೋನಿನ ಹತ್ತಿರ ಬಾಗಿದರು.

"ಬೋಟಿನವರಾ? ಬೋಟು ನಿಂತ ಎರಡು ತಿಂಗಳು ಮನೇಲಿ ಏನ್ ತಿಂತೀರಾ?"

ಆ ಕಡೆಯವನಿಗೆ ಆಶ್ಚರ್ಯವಾಗಿರಬೇಕು. "ಇದೆಂಥ ಪ್ರಶ್ನೆ ಮಾರಾಯ್ರೆ? ಒಣಮೀನು. ಬೇಸಿಗೆಯಲ್ಲೇ ಒಣಗಿಸಿ ಇಡ್ತೇವೆ, ಮಳೆಗೆ ಅಂತ. ಈಗ ನಂಗ್ ಮೀನು ಚಾಪೆ ಮೇಲೆ ಉಂಟು, ಕಾಗೆ ಓಡಿಸ್ತಾ ಮಾತಾಡ್ತಾ ಇದ್ದೇನೆ."

"ಬೆಂಗಳೂರಿಗೆ ಕಳಿಸ್ತೀರಾ?"

"ಅದನ್ನ ಕಳಿಸ್ಲಿಕ್ಕಿಲ್ಲ. ನಮಗೇ ಸಾಲುವುದಿಲ್ಲ."

ಆಗಲೇ ಆ ಕಡೆಯಿಂದ ಕಾಗೆಯ ಕೂಗೂ, "ಹುಶ್" ಎಂಬ ಗದರಿಕೆಯೂ ಕೇಳಿಸಿದವು.

"ಇವ್ನು ಮೀನಿನೋನೇ" ಅಂದರು ಬೂವಮ್ಮ. "ಓದಿ ಧನಮ್ಮ."

ನನಗೆ ಇನ್ನೂ ಅರ್ಧ ಅನುಮಾನವಿತ್ತು. ನೂರ್‌ಜಹಾನ್ ಓದಿ ಅನ್ನುವಂತೆ ತಲೆ ಆಡಿಸಿದಳು. ಸ್ತೋತ್ರದ ಪುಸ್ತಕ ಬಿಚ್ಚಿ ಹಾಳೆ ತೆಗೆದೆ. ಬೆಳ್ಳುಳ್ಳಿ ವಾಸನೆ ಇನ್ನೂ ಹೋಗಿರಲಿಲ್ಲ. ಜೂನ್ ಹದಿನೆಂಟರಿಂದ ಶುರು ಮಾಡಿ, ಅಭ್ಯಾಸಬಲದಿಂದ ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಹೇಳುತ್ತಾ ಓದಿದೆ.

"ಸ್ವಲ್ಪ ನಿಧಾನ ಅಕ್ಕಾ, ಬರ್ಕೊಳ್ತಾ ಇದ್ದೇನೆ" ಅಂದ ಆತ. ಪೂರ್ತಿ ಆದಮೇಲೆ ಕೇಳಿದ, "ಸಭೆಯಲ್ಲಿ ಎದ್ದು ನಿಂತು ಇದನ್ನು ಓದ್ತೇನೆ. ಯಾರು ಕೊಟ್ಟದ್ದು ಅಂತ ಕೇಳ್ತಾರೆ. ಹೆಸರು ಹೇಳಬಹುದಾ, ಬೇಡವಾ?"

ನೂರ್‌ಜಹಾನ್ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಹೇಳಿ. ನೂರ್‌ಜಹಾನ್, ಕೊಡಿಗೇಹಳ್ಳಿ. ಟೈಪಿಂಗ್ ಅಂಗಡಿ. ಬರ್ಕೊಂಡ್ರಾ?"