ಬೆಳಕು ಸೋರುವ ಹಲಗೆ

ಭಾನುವಳ್ಳಿಯ ಜಂಬಯ್ಯನವರು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಉಪನ್ಯಾಸಕರು. ೧೯೮೭ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿ, ಕೂದಲಿನಷ್ಟು ತೆಳುವಾದ ಗಾಜಿನ ಎಳೆಯ ಸುರುಳಿಯೊಂದನ್ನು ತಂದ ಮೇಲೆ ಅವರ ನಡಿಗೆಯೇ ಬದಲಾಯಿತು. ಹೋಟೆಲಿನಲ್ಲಿ ಬೆಣ್ಣೆದೋಸೆ ತಿನ್ನುತ್ತಿದ್ದವರನ್ನೂ ಬಿಡದೆ, "ಇನ್ಮುಂದೆ ಫೋನಿನ ಮಾತು ಬೆಳಕಾಗಿ ಗಾಜಿನಾಗೆ ಓಡ್ತೈತೆ ನೋಡ್ರಿ" ಎಂದು ಶುರು ಮಾಡಿದರೆ, ಕೇಳುವವರ ಎಂಜಲುಗೈ ಒಣಗುತ್ತಿತ್ತು.

ಕಾಲೇಜಿಗೆ ತಪಾಸಣಾ ಸಮಿತಿ ಬರುವುದೆಂದಾಯಿತು. ಜಂಬಯ್ಯನವರು ಬಡಗಿ ಮುನಾಫನಿಂದ ಹಲಗೆಯೊಂದನ್ನು ಮಾಡಿಸಿ, ಸಾಲಾಗಿ ಮೊಳೆ ಹೊಡೆಸಿದರು. ಅಂದವಾಗಿ ಕಾಣಲೆಂದು ಎಳೆಯನ್ನು ಪ್ರತಿ ಮೊಳೆಗೂ ಬಿಗಿಯಾಗಿ ಸುತ್ತಿದರು. ಒಂದು ತುದಿಗೆ ಕೆಂಪು ಲೇಸರ್, ಇನ್ನೊಂದಕ್ಕೆ ಬೆಳಕು ಅಳೆಯುವ ಮೀಟರು.

ಸಮಿತಿಯ ಎದುರು ಸ್ವಿಚ್ ಒತ್ತಿದರೆ ಮೀಟರಿನ ಮುಳ್ಳು ಮಿಸುಕಲಿಲ್ಲ. ಎಳೆ ಬಾಗಿದಲ್ಲೆಲ್ಲ ಬೆಳಕು ಹೊರಗೆ ಸೋರಿ, ಮೊಳೆಗಳ ಸುತ್ತ ಕೆಂಪಗೆ ಹೊಳೆಯಿತು.

"ಭಾಳ ಚೆಂದ ಐತ್ರಿ! ಮುಳ್ಳು ಯಾಕ ಏಳವಲ್ದು?" ಎಂದರು ಸಮಿತಿಯ ಹಿರಿಯರು.

ಎಳೆಯೊಳಗೇ ಸೂಕ್ಷ್ಮ ಗೆರೆ ಮೂಡಿಸಿ, ಒಂದೇ ಒಂದು ಬಣ್ಣವನ್ನು ತಡೆಯುವ ಗ್ರೇಟಿಂಗ್ ಎಂಬ ಫಿಲ್ಟರನ್ನು ವಿದೇಶದಲ್ಲಿ ಮಾಡುತ್ತಾರೆಂದು ತರಬೇತಿಯಲ್ಲಿ ತೂಕಡಿಸುತ್ತ ಕೇಳಿದ್ದು ಜಂಬಯ್ಯನವರಿಗೆ ಆಗ ನೆನಪಾಯಿತು.

"ಇದರಾಗೆ ಗ್ರೇಟಿಂಗ್ ಫಿಲ್ಟರ್ ಐತ್ರಿ ಸರ್. ಕೆಂಪು ಬೆಳಕನ್ನ ಮುಂದಕ್ಕೆ ಬಿಡಂಗಿಲ್ಲ. ಮುಳ್ಳು ಏಳದಿರೋದೇ ಅದರ ಹೆಚ್ಚುಗಾರಿಕೆ."

"ಮತ್ತೆ ಮೊಳೆ ಹತ್ರ ಹೊಳಿಯೋದು?"

"ಫಿಲ್ಟರು ಬ್ಯಾಡ ಅಂದ ಬೆಳಕು ಸರ್. ಪಾಪ, ಎಲ್ಲಿಗಾದ್ರೂ ಹೋಗಬೇಕಲ್ರಿ."

ಗೊತ್ತಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲವಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವರ್ಷವೇ ಜಂಬಯ್ಯನವರು ವಿಭಾಗದ ಮುಖ್ಯಸ್ಥರಾದರು.

ಮುಂದೆ ಹರಿಹರದ ವಸ್ತುಪ್ರದರ್ಶನಕ್ಕೆ ಕರೆ ಬಂತು. ಧೂಳು ಒರೆಸಲೆಂದು ಹಲಗೆಯನ್ನು ಮನೆಗೆ ತಂದು, ಎಳೆ ಬಿಚ್ಚಿ, ಮಂಚದ ಮೇಲೆ ಸಡಿಲವಾಗಿ ಹರವಿ, ಹಾಗೇ ಸುಮ್ಮನೆ ಸ್ವಿಚ್ ಒತ್ತಿದರು. ಬೆಳಕು ಎಲ್ಲೂ ಸೋರದೆ ಓಡಿ, ಮುಳ್ಳು ಸರ್ರನೆ ಕೊನೆಯವರೆಗೆ ಹಾರಿತು. ಊರಿಗೆಲ್ಲ ಸಾರಿದ್ದನ್ನು ಜಂಬಯ್ಯನವರು ಕಣ್ಣಾರೆ ಕಂಡದ್ದು ಅದೇ ಮೊದಲು.

ಅಡುಗೆಮನೆಯಿಂದ ಬಂದ ಹೆಂಡತಿ ನೀಲಕ್ಕ ಬಗ್ಗಿ ನೋಡಿದಳು. "ಒಂದು ಕಡೀಗೂ ಹೊಳಿಯಂಗಿಲ್ಲವಲ್ರೀ. ಕೆಟ್ಟೋತಾ?"

"ಇಲ್ಲ ಕಣೆ. ಈಗ ಸರಿಯಾಗೈತೆ."

"ಸರಿಯಾಗಿರೋದನ್ನ ಯಾರು ನೋಡಾಕ ಬರ್ತಾರೆ?"

ಜಂಬಯ್ಯನವರು ಸ್ವಿಚ್ ಆರಿಸಿ, ಎಳೆಯನ್ನು ಮತ್ತೆ ಸುರುಳಿ ಸುತ್ತಿಟ್ಟರು. ಬೆಳಗಾದ ಮೇಲೆ ಮುನಾಫನನ್ನು ಕರೆಸಿ, "ಇನ್ನೊಂದೆರಡು ಸಾಲು ಮೊಳೆ ಹೊಡಿಯಪ್ಪ" ಎಂದರು.

ಹರಿಹರದಲ್ಲಿ ಜನ ಮುಗಿಬಿದ್ದರು. ಜವಳಿ ಅಂಗಡಿಯ ಕುತುಬುದ್ದೀನ್ ಸಾಹೇಬರಂತೂ ಕೈ ಹಿಡಿದುಕೊಂಡು, "ನಮ್ಮ ಅಂಗಡಿ ಬೋರ್ಡಿಗೂ ಹಿಂಗೇ ಒಂದು ಮಾಡಿಕೊಡ್ರಿ ಸಾರ್" ಎಂದರು. ವಿಭಾಗದ ಮುಖ್ಯಸ್ಥರು ಭಾನುವಾರ ಬಂದು ಬೋರ್ಡಿನ ಅಳತೆ ತೆಗೆದುಕೊಳ್ಳಲು ಒಪ್ಪಿದರು.