ಮಲಗಿದ್ದಾರೆ ಎಂದು ತೋರಿಸಿದ ಕೈ

ಬಸ್ಸಿನಲ್ಲಿ ನನ್ನದೇ ಸೀಟಿನಲ್ಲಿ ತೂಕಡಿಸುತ್ತಿದ್ದ ಹೆಂಗಸಿನ ಕೆನ್ನೆಗೆ, ನಮ್ಮಿಬ್ಬರ ನಡುವೆ ಕೂತಿದ್ದ ಅವಳ ಮಗಳು ಪಟಪಟನೆ ಹೊಡೆದು, ರೆಪ್ಪೆ ಹಿಡಿದು ಮೇಲೆತ್ತಿದಳು. ಆರೇಳು ವರ್ಷದ ಹುಡುಗಿ. ಸಾಗರದಿಂದ ತೀರ್ಥಹಳ್ಳಿಗೆ ಹೊರಟ ಬಸ್ಸು ಆನಂದಪುರ ದಾಟುವಷ್ಟರಲ್ಲಿ ಮತ್ತೆ ಮತ್ತೆ ಹೀಗೇ ಆಯಿತು. ತಡೆಯಲಾರದೆ, “ಅಮ್ಮಂಗೆ ಹೊಡೀತಾರೇನೇ?” ಎಂದು ಗದರಿದೆ. ಅವಳು ತಿರುಗಿಯೂ ನೋಡಲಿಲ್ಲ.

“ಅವ್ಳಿಗೆ ಕಿವಿ ಕೇಳಲ್ಲ ಅಕ್ಕ,” ಎಂದಳು ತಾಯಿ. “ಅವ್ರಪ್ಪ ತೀರ್ಕೊಂಡಾಗ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಮಲಗಿದಾರೆ ಅಂತ ಕೆನ್ನೆಗೆ ಕೈ ಇಟ್ಟು ತೋರಿಸ್ಬಿಟ್ವಿ. ಆಮೇಲೆ ಅವಳ ಕಣ್ಣೆದುರೇ ಎತ್ಕೊಂಡೋದ್ರು. ಈಗ ನಾನು ಕಣ್ಣು ಮುಚ್ಚೋ ಹಾಗಿಲ್ಲ.”

ಹುಡುಗಿಯ ತೊಡೆಯ ಮೇಲೆ ಸನ್ನೆ ಭಾಷೆಯ ಚಿತ್ರಪುಸ್ತಕವಿತ್ತು. ಶಾಲೆಯ ಟೀಚರ್ ಕೊಟ್ಟಿದ್ದಂತೆ. ತಾಯಿ ಅದನ್ನು ನನ್ನ ಕೈಗಿತ್ತು, “ಸತ್ತೋದ್ರು ಅನ್ನೋಕೆ ಕೈ ಹೇಗೆ ಮಾಡ್ಬೇಕು, ಇದ್ರಲ್ಲಿ ಇದ್ಯಾ ನೋಡಿ,” ಎಂದಳು. ಒಂದೊಂದೇ ಹಾಳೆ ತಿರುವಿದೆ. ಹಣ್ಣು, ಬಣ್ಣ, ಬೆಕ್ಕು, ನಾಯಿ, ಅಪ್ಪ, ಅಮ್ಮ ಎಲ್ಲವೂ ಇದ್ದವು. ಆ ಪದ ಮಾತ್ರ ಇರಲಿಲ್ಲ. ‘ಮಲಗು’ ಇತ್ತು. ಚಿತ್ರದಲ್ಲಿ ಕೆನ್ನೆಗೆ ಕೈ ಇಟ್ಟು ಮಲಗಿದ್ದ ಮಗುವಿನ ಮುಚ್ಚಿದ ರೆಪ್ಪೆಗಳ ಮೇಲೆ ಹುಡುಗಿ ಪೆನ್ನಿನಿಂದ ದೊಡ್ಡದಾಗಿ ತೆರೆದ ಕಣ್ಣು ಬರೆದಿದ್ದಳು.

ಬಸ್ಸು ಹತ್ತಿದರೆ ನಿದ್ದೆ ಹೋಗುವುದು ನನ್ನ ಅಭ್ಯಾಸ. ರಿಪ್ಪನ್‌ಪೇಟೆಯ ಹತ್ತಿರ ಕಣ್ಣು ಮುಚ್ಚಿದ್ದೇ ತಡ, ನನ್ನ ಕೆನ್ನೆಯ ಮೇಲೆ ಪುಟ್ಟ ಕೈಯೊಂದು ಬಿತ್ತು. ತೀರ್ಥಹಳ್ಳಿಯವರೆಗೂ ಅವಳಿಗೆ ಕಾಣುವ ಹಾಗೆ ಕಣ್ಣು ತೆರೆದೇ ಕೂತಿದ್ದೆ.